ಉದ್ದದ ಇಂಗ್ಲಿಷ್ ಪದವನ್ನು ಎರಡು ಸಲ ಒಡೆಯಿರಿ

ಮಂಗಳೂರು ಎನ್ನುವಾಗ ಬಾಯಿ ಮಂ-ಗ-ಳೂ-ರು ಎಂದು ನಾಲ್ಕು ಸಲ ತೆರೆಯುತ್ತದೆ. ಅರ್ಥ ನೋಡಿದರೆ ಮಂಗಳ, ಊರು ಎಂದು ಎರಡೇ ತುಂಡು. ಇಂಗ್ಲಿಷಿನ ಉದ್ದದ ಪದಗಳನ್ನೂ ಹೀಗೆ ಎರಡು ಸಲ ಒಡೆಯಬೇಕು. ಓದಲಿಕ್ಕೆ ಸಿಲೆಬಲ್, ಅಂದರೆ ಬಾಯಿ ಒಂದು ಸಲ ತೆರೆದಾಗ ಬರುವ ತುಂಡು. ಅರ್ಥಕ್ಕೂ ಸ್ಪೆಲ್ಲಿಂಗಿಗೂ ಪ್ರಕೃತಿ-ಪ್ರತ್ಯಯ, ಅಂದರೆ ಮೂಲಪದ ಮತ್ತು ಅದಕ್ಕೆ ಅಂಟುವ ತುಂಡು. ಎರಡನ್ನೂ ಬೆರೆಸಿದಲ್ಲೇ ಮಕ್ಕಳು ಎಡವುವುದು.

ಗದ್ದದ ಕೆಳಗೆ ಅಂಗೈ ಇಟ್ಟು ಪದ ಹೇಳಿ. ಗದ್ದ ಎಷ್ಟು ಸಲ ಇಳಿಯಿತೋ ಅಷ್ಟು ಸಿಲೆಬಲ್. ‘ಇ’, ‘ಈ’ ಬಂದಾಗ ಗದ್ದ ಹೆಚ್ಚು ಇಳಿಯದು, ಅಲ್ಲಿ ಚಪ್ಪಾಳೆ ತಟ್ಟಿ ಎಣಿಸಿ. ಲೆಕ್ಕಕ್ಕೆ ಬರುವುದು ಸ್ವರದ ಸದ್ದು, ಬರೆದ ಅಕ್ಷರವಲ್ಲ. ‘ಕೇಕ್’ ಸ್ಪೆಲ್ಲಿಂಗಿನ ಕೊನೆಯ ‘ಇ’ ಬಾಯಿಗೆ ಬರುವುದಿಲ್ಲ, ಹಾಗಾಗಿ ಅದು ಒಂದೇ ಸಿಲೆಬಲ್. ‘ಬಸ್ಸು’, ‘ಬ್ಯಾಂಕು’ ಎಂದು ನಮ್ಮ ‘ಉ’ ಸೇರಿಸಿ ಎಣಿಸಿದರೆ ಒಂದು ಹೆಚ್ಚಾಗುತ್ತದೆ.

ಒತ್ತಕ್ಷರದ ಹಿಂದಿನದು ಗುರು ಎಂದು ಛಂದಸ್ಸಿನಲ್ಲಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ‘ಕರ್ಮ’ ಬಾಯಲ್ಲಿ ಕರ್-ಮ. ಹಾಗೆಯೇ ಎರಡು ಸ್ವರಗಳ ನಡುವೆ ಎರಡು ವ್ಯಂಜನ ಇದ್ದರೆ ಸಾಮಾನ್ಯವಾಗಿ ಅವುಗಳ ನಡುವೆ ಕತ್ತರಿಸಿ: ನ್ಯಾಪ್-ಕಿನ್, ಡಾಕ್-ಟರ್. ಟಿ-ಎಚ್, ಪಿ-ಎಚ್, ಎಸ್-ಎಚ್ ಜೋಡಿಗೆ ಸದ್ದು ಒಂದೇ ಇದ್ದಾಗ ಅದನ್ನು ಬಿಡಿಸಬಾರದು. ವ್ಯಂಜನ ಒಂದೇ ಇದ್ದರೆ ಮೊದಲು ಅದರ ಈಚೆ ಕತ್ತರಿಸಿ ಓದಿ: ಪೈ-ಲಟ್. ಗೊತ್ತಿರುವ ಪದ ಕೇಳಿಸದಿದ್ದರೆ ಆಚೆ ಕತ್ತರಿಸಿ: ಕ್ಯಾಬ್-ಇನ್.

ಅರ್ಥದ ತುಂಡಿಗೆ ಮುಂದಿನಿಂದ ಉಪಸರ್ಗ, ಹಿಂದಿನಿಂದ ಪ್ರತ್ಯಯ ಕಳಚಿ. ಅನ್-ಬಿಲೀವ್-ಏಬಲ್. ‘ಬಿಲೀವ್’ ಸ್ಪೆಲ್ಲಿಂಗಿನ ಕೊನೆಯ ‘ಇ’ ಇಲ್ಲಿ ಬಿದ್ದುಹೋಗುತ್ತದೆ, ಮಂಗಳ ಮತ್ತು ಊರು ಸೇರುವಾಗ ‘ಅ’ ಬಿದ್ದ ಹಾಗೆ ಲೋಪ. ‘ಇನ್’ ಎಂಬ ಉಪಸರ್ಗ ‘ಪಾಸಿಬಲ್’ ಮುಂದೆ ‘ಇಮ್’ ಆಗುತ್ತದೆ, ‘ಲೀಗಲ್’ ಮುಂದೆ ‘ಇಲ್’ ಆಗುತ್ತದೆ. ‘ಇಲ್ಲೀಗಲ್’ಗೆ ಎರಡು ಎಲ್ ಯಾಕೆಂದು ಇದರಿಂದಲೇ ತಿಳಿಯುತ್ತದೆ, ಬಾಯಿಪಾಠ ಬೇಕಿಲ್ಲ. ಕಳಚಿದ ಮೇಲೆ ಉಳಿದದ್ದಕ್ಕೆ ಅರ್ಥ ಇರಲೇಬೇಕು. ‘ಅಂಕಲ್’ ಸ್ಪೆಲ್ಲಿಂಗೂ ಯು-ಎನ್‌ನಿಂದ ಶುರುವಾಗುತ್ತದೆ, ಆದರೆ ಅದನ್ನು ತೆಗೆದರೆ ಅರ್ಥವಿರುವ ಪದ ಉಳಿಯುವುದಿಲ್ಲ, ಅಲ್ಲಿ ಉಪಸರ್ಗ ಇಲ್ಲ.

ಮಣಿಪಾಲಕ್ಕೋ ದೇರಳಕಟ್ಟೆಗೋ ಮೆಡಿಕಲ್ ಓದಲು ಹೋಗುವವರಿಗೆ ಗ್ರೀಕ್ ತುಂಡುಗಳೇ ಆಸರೆ. ಇಎನ್‌ಟಿ ವಿಭಾಗದ ಪೂರ್ತಿ ಹೆಸರು ‘ಓಟೋರೈನೋಲ್ಯಾರಿಂಗಾಲಜಿ’. ಬಾಯಿಗೆ 9 ಸಿಲೆಬಲ್, ಅರ್ಥಕ್ಕೆ 4 ತುಂಡು: ಕಿವಿ, ಮೂಗು, ಧ್ವನಿಪೆಟ್ಟಿಗೆ, ಶಾಸ್ತ್ರ. ಮೂಗಿನ ಆ ‘ರೈನೋ’ ಮಕ್ಕಳಿಗೂ ಗೊತ್ತು, ಮೂಗಿನ ಮೇಲೆ ಕೊಂಬಿರುವ ಖಡ್ಗಮೃಗ.

ಸಣ್ಣ ಪದದಲ್ಲೂ ಎರಡು ಲೆಕ್ಕ ಬೇರೆಯಾಗಬಹುದು. ‘ವಾಕ್’ಗೆ ಭೂತಕಾಲದ ಇ-ಡಿ ಸೇರಿಸಿದರೆ ತುಂಡು ಎರಡು, ಸಿಲೆಬಲ್ ಒಂದೇ. ಅದನ್ನು ‘ವಾಕೆಡ್’ ಎಂದು ಓದಬಾರದು. ಟ, ಡ ಸದ್ದಿನಿಂದ ಮುಗಿಯುವ ಕ್ರಿಯಾಪದಕ್ಕೆ ಮಾತ್ರ ಇ-ಡಿ ಇನ್ನೊಂದು ಸಿಲೆಬಲ್ ಕೊಡುತ್ತದೆ: ವಾಂಟೆಡ್, ನೀಡೆಡ್.