ಒಂದೇ ಕರೆಂಟ್ ವೈರ್, ನಾಲ್ಕು ಅಡಾಪ್ಟರ್: ನೆಟ್ ಸರಿಯಾಗಿ ಹಂಚಿಕೊಳ್ಳುವುದು ಹೇಗೆ

ಮೂಡಿಗೆರೆ ಕಡೆಯ ನಮ್ಮ ಹಳೇ ತೋಟದ ಮನೆಯಲ್ಲಿ ಗೋಡೆ ತುಂಬಾ ದಪ್ಪ. ಹಜಾರದ ವೈಫೈ ಹಿಂದಿನ ಕೋಣೆಗೆ ಬರುವುದೇ ಇಲ್ಲ. ಅದಕ್ಕೇ ಪವರ್‌ಲೈನ್ ಅಡಾಪ್ಟರ್ ಹಾಕಿದೆವು. ರೌಟರ್ ಹತ್ತಿರ ಒಂದು, ನೆಟ್ ಬೇಕಾದ ಕಡೆ ಒಂದೊಂದು, ನಡುವೆ ಕರೆಂಟ್ ವೈರೇ ಕೇಬಲ್. ನಾಲ್ಕನೆಯದು ಹಾಕಿದ ಮೇಲೆ ಸಂಜೆ ಎಲ್ಲರಿಗೂ ನಿಧಾನವಾಯಿತು.

ಅಡಾಪ್ಟರ್ ಎಷ್ಟಿದ್ದರೂ ವೈರ್ ಒಂದೇ, ಅಲ್ವಾ? ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಹೋಮ್‌ಪ್ಲಗ್ ಎವಿ (ಪವರ್‌ಲೈನ್ ನೆಟ್‌ಗೆ ಇರುವ ಒಂದು ಮಾನದಂಡ) ಅಡಾಪ್ಟರ್‌ಗಳಲ್ಲಿ ಒಂದು ಯಜಮಾನನಾಗಿ, ಕರೆಂಟಿನ ಎರಡು ಸುತ್ತಿಗೊಮ್ಮೆ, ಅಂದರೆ ನಮ್ಮ 50 ಹರ್ಟ್ಸ್‌ಗೆ 40 ಮಿಲಿಸೆಕೆಂಡಿಗೊಮ್ಮೆ, ಬೀಕನ್ ಎಂಬ ಸೂಚನೆ ಕಳಿಸಿ ಹೊತ್ತನ್ನು ಪಾಲು ಮಾಡುತ್ತದೆ. ಪೈಪೋಟಿಗೆ ಬಿಟ್ಟ ಹೊತ್ತಿನಲ್ಲಿ ಮೊದಲು ಯಾರದು ತುರ್ತು ಎಂದು ನಾಲ್ಕು ದರ್ಜೆಯಲ್ಲಿ ತೀರ್ಮಾನವಾಗುತ್ತದೆ, ಆಮೇಲೆ ಒಂದೇ ದರ್ಜೆಯವರು ತಲಾ ಒಂದು ಸಂಖ್ಯೆ ಎತ್ತಿಕೊಂಡು ಅದು ಸೊನ್ನೆಗೆ ಇಳಿಯುವ ತನಕ ಕಾಯುತ್ತಾರೆ. ವೈರ್ ಪದೇಪದೇ ಬಿಜಿ ಇದ್ದರೆ, ಇಬ್ಬರು ಒಟ್ಟಿಗೆ ಮಾತಾಡಿ ಡಿಕ್ಕಿಯಾಗುವ ಮೊದಲೇ ಇನ್ನೂ ಜಾಸ್ತಿ ಕಾಯಲು ಶುರು ಮಾಡುತ್ತಾರೆ. ಜಾಣ ಉಪಾಯ. ಆದರೆ ಈಗಷ್ಟೇ ಗೆದ್ದವರು ಮತ್ತೆ ಚಿಕ್ಕ ಸಂಖ್ಯೆಯಿಂದಲೇ ಶುರು ಮಾಡುವುದರಿಂದ ಸರದಿ ಅವರಿಗೇ ಮತ್ತೆ ಸಿಗುವ ಸಾಧ್ಯತೆ ಹೆಚ್ಚು. ದೊಡ್ಡ ಫೈಲ್ ಇಳಿಯುವಾಗ ಪಕ್ಕದ ಕೋಣೆಯ ವಿಡಿಯೋ ಕಾಲ್ ತಡವರಿಸುವುದು ಇದರಿಂದಲೂ ಹೌದು.

ಮೊದಲು ಸಿಗ್ನಲ್ ಕೆಟ್ಟಿರುವ ಅಡಾಪ್ಟರ್ ಹುಡುಕಿ. ಅದು ಅಷ್ಟೇ ಡೇಟಾಗೆ ವೈರನ್ನು ಜಾಸ್ತಿ ಹೊತ್ತು ಹಿಡಿದಿಟ್ಟು ಉಳಿದವರನ್ನೂ ಕಾಯಿಸುತ್ತದೆ. ನಮ್ಮಲ್ಲಿ ಒಂದು ಅಡಾಪ್ಟರ್ ಎಕ್ಸ್‌ಟೆನ್ಶನ್ ಬಾಕ್ಸಿನಲ್ಲಿ ಎರಡು ಮೊಬೈಲ್ ಚಾರ್ಜರ್ ನಡುವೆ ಕೂತಿತ್ತು; ಕಿತ್ತು ನೇರ ಗೋಡೆಯ ಪ್ಲಗ್‌ಗೆ ಹಾಕಿದ ತಕ್ಷಣ ಕೆಂಪು ದೀಪ ಹಸಿರಾಯಿತು. ಸ್ಪೈಕ್ ಗಾರ್ಡ್, ಯುಪಿಎಸ್ ಹಿಂದೆಯೂ ಹಾಕಬೇಡಿ. ಮೂರು ಫೇಸ್ ಇದ್ದರೆ ಎಲ್ಲ ಒಂದೇ ಫೇಸಿನಲ್ಲಿರಲಿ.

ರೌಟರ್ ಪಕ್ಕದ ಟಿವಿಗೆ ಸಾದಾ ಲ್ಯಾನ್ ಕೇಬಲ್ ಸಾಕು, ಸುಮ್ನೆ ವೈರ್ ಮೇಲೆ ಭಾರ ಯಾಕೆ? ದೊಡ್ಡ ಡೌನ್‌ಲೋಡ್ ಮಾಡುವ ಕಂಪ್ಯೂಟರಿಗೆ ರೌಟರಿನಲ್ಲೇ ಮಿತಿ ಹಾಕಿ.

ಪಕ್ಕದ ಮನೆಯವರೂ ಇದನ್ನೇ ಬಳಸುತ್ತಿದ್ದರೆ ನಿಮ್ಮವನ್ನು ಬೇರೆ ಜೋಡಿ ಮಾಡಿಕೊಳ್ಳಿ: ಒಂದರ ಗುಂಡಿ ಒತ್ತಿ, 2 ನಿಮಿಷದೊಳಗೆ ಇನ್ನೊಂದರದು. ಇದರಿಂದ ನಿಮ್ಮ ಡೇಟಾ ಅವರಿಗೆ ಕಾಣುವುದಿಲ್ಲ, ಅಷ್ಟೇ. ಅವರ ಸಿಗ್ನಲ್ ನಿಮ್ಮ ವೈರ್‌ಗೆ ತಲುಪುತ್ತಿದ್ದರೆ ಹೊತ್ತನ್ನು ಹಂಚಿಕೊಳ್ಳಲೇಬೇಕು.

ಕೊನೆಗೆ ಪರೀಕ್ಷೆ. ಒಂದೇ ಕೋಣೆಯಲ್ಲಿ ಸ್ಪೀಡ್ ನೋಡಿದರೆ ಏನೂ ಗೊತ್ತಾಗದು. ಒಂದು ಕಡೆ ಡೌನ್‌ಲೋಡ್ ಹಚ್ಚಿ ಇನ್ನೊಂದು ಕಡೆ ವಿಡಿಯೋ ಕಾಲ್ ಮಾಡಿ, ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಸುಲಿಯುವ) ಕಾಲವಾದರೆ ಪಲ್ಪರ್ ಮೋಟಾರ್ ಓಡುವಾಗಲೂ ಒಮ್ಮೆ ನೋಡಿ.