ಗಂಡಿಲಿ, ಹೆಣ್ಣಿಲಿ ಮತ್ತು ಸಿನಾಪ್ಸಿನ ಪ್ರೋಟೀನುಗಳು: ಕಲಬುರಗಿಯ ಪ್ರಯೋಗಾಲಯದಿಂದ ನನ್ನ ಅನುಭವ

ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಸಿನಾಪ್ಸ್ ಎಂಬ ಸೂಕ್ಷ್ಮ ಸಂಧಿಯಲ್ಲಿ ಸಾವಿರಕ್ಕೂ ಹೆಚ್ಚು ಬಗೆಯ ಪ್ರೋಟೀನುಗಳಿವೆ. ಅವುಗಳಲ್ಲಿ ಮುಖ್ಯವಾಗಿ ಎರಡನ್ನು ನಾನು ಕಲಬುರಗಿಯ ಒಂದು ಪ್ರಯೋಗಾಲಯದಲ್ಲಿ ಗಂಡು ಮತ್ತು ಹೆಣ್ಣು ಇಲಿಗಳ ಹಿಪೊಕ್ಯಾಂಪಸ್ಸಿನಲ್ಲಿ, ಅಂದರೆ ನೆನಪಿಗೆ ಮುಖ್ಯವಾದ ಮಿದುಳಿನ ಭಾಗದಲ್ಲಿ, ಅಳೆಯುತ್ತ ಬಂದಿದ್ದೇನೆ. ಸಂದೇಶ ಕಳುಹಿಸುವ ಬದಿಯಲ್ಲಿ ಸಂದೇಶವಾಹಕ ರಾಸಾಯನಿಕ ತುಂಬಿದ ಸಣ್ಣ ಚೀಲಗಳ ಹೊದಿಕೆಯಲ್ಲಿರುವ ಸಿನಾಪ್ಟೊಫೈಸಿನ್ ಒಂದು. ಸ್ವೀಕರಿಸುವ ಬದಿಯಲ್ಲಿ ಗ್ಲುಟಮೇಟ್ ಎಂಬ ಸಂದೇಶವಾಹಕವನ್ನು ಗುರುತಿಸುವ ಗ್ರಾಹಕಗಳನ್ನು (ರಿಸೆಪ್ಟರ್) ತಮ್ಮ ಜಾಗದಲ್ಲಿ ಹಿಡಿದಿಡುವ ಪಿಎಸ್‌ಡಿ-95 ಇನ್ನೊಂದು. ಇದೇ ಕೆಲಸಕ್ಕೆ ಕೈಹಾಕುವ ಸಂಶೋಧನಾ ವಿದ್ಯಾರ್ಥಿಗಳಿಗೆ ಉಪಯೋಗವಾಗಲೆಂದು ನನ್ನ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

"ಹೆಣ್ಣಿಲಿ ತ್ರಾಸು ಯಾಕ್ರೀ ಮೇಡಂ, ಗಂಡಿಲಿನೇ ಸಾಕಾಗಂಗಿಲ್ಲೇನ್ರೀ?" ಎಂದು ನಮ್ಮ ಪ್ರಾಣಿಗೃಹದ ಸಹಾಯಕರು ಕೇಳಿದ್ದುಂಟು. ಜಗತ್ತಿನ ನರವಿಜ್ಞಾನವೂ ಬಹುಕಾಲ ಹೀಗೆಯೇ ಯೋಚಿಸಿತ್ತು. ಬೀರಿ ಮತ್ತು ಝುಕರ್ 2011ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಒಂದೇ ಲಿಂಗದ ಪ್ರಾಣಿಗಳನ್ನು ಬಳಸಿದ ನರವಿಜ್ಞಾನದ ಅಧ್ಯಯನಗಳಲ್ಲಿ ಹೆಣ್ಣನ್ನು ಮಾತ್ರ ಬಳಸಿದ ಒಂದಕ್ಕೆ ಎದುರಾಗಿ ಗಂಡನ್ನು ಮಾತ್ರ ಬಳಸಿದ 5.5 ಅಧ್ಯಯನಗಳಿದ್ದವು. ಹಾರ್ಮೋನಿನ ಏರಿಳಿತದಿಂದ ಹೆಣ್ಣಿನ ಅಳತೆಗಳು ಚದುರುತ್ತವೆ ಎಂಬುದು ಇದಕ್ಕೆ ಕೊಡುತ್ತಿದ್ದ ಕಾರಣ. ಆದರೆ 2014ರಲ್ಲಿ ಬಂದ, ಚಿಟ್ಟಿಲಿಗಳ ಕುರಿತ ದೊಡ್ಡ ಪರಿಶೀಲನೆಯೊಂದು ಹೆಣ್ಣಿನ ಅಳತೆಗಳು ಗಂಡಿನವಕ್ಕಿಂತ ಹೆಚ್ಚು ಚದುರುವುದಿಲ್ಲವೆಂದು ತೋರಿಸಿತು. ಆದ್ದರಿಂದ ಹೆಣ್ಣನ್ನು ಕೈಬಿಡಲು ಆ ನೆಪವೂ ಈಗ ಉಳಿದಿಲ್ಲ.

ಹಾಗೆಂದು ಹೆಣ್ಣಿನ ಹಾರ್ಮೋನಿನ ಚಕ್ರವನ್ನು ಮರೆಯುವಂತೆಯೂ ಇಲ್ಲ. ಈಸ್ಟ್ರಸ್ ಚಕ್ರ ಎನ್ನುವ ಇದು ಹೆಣ್ಣಿಲಿಯಲ್ಲಿ ನಾಲ್ಕೈದು ದಿನಗಳದ್ದು; ಪ್ರೊಈಸ್ಟ್ರಸ್, ಈಸ್ಟ್ರಸ್, ಡೈಈಸ್ಟ್ರಸ್ ಅದರ ಮುಖ್ಯ ಹಂತಗಳು. ವೂಲಿ, ಮೆಕ್‌ಈವನ್ ಮತ್ತು ಸಂಗಡಿಗರು 1990ರಲ್ಲಿ ತೋರಿಸಿದಂತೆ, ಹಿಪೊಕ್ಯಾಂಪಸ್ಸಿನ ಸಿಎ1 ಭಾಗದಲ್ಲಿ ನರಕೋಶದ ಕವಲುಗಳ ಮೇಲೆ ಸಂದೇಶ ಸ್ವೀಕರಿಸುವ ಮುಳ್ಳಿನಂಥ ಚಾಚುಗಳ (ಮುಳ್ಳುಗಳ) ದಟ್ಟಣೆ ಪ್ರೊಈಸ್ಟ್ರಸ್ ಹಂತದಿಂದ ಈಸ್ಟ್ರಸ್ ಹಂತಕ್ಕೆ ದಾಟುವ ಒಂದೇ ದಿನದಲ್ಲಿ ಶೇಕಡಾ 30ರಷ್ಟು ಇಳಿಯುತ್ತದೆ. ಎಲ್ಲ ಹೆಣ್ಣಿಲಿಗಳನ್ನೂ ಒಂದೇ ಗುಂಪಿಗೆ ಸೇರಿಸಿ ಸರಾಸರಿ ತೆಗೆದರೆ ಈ ಏರಿಳಿತ ಕಾಣದೆ ಹೋಗುತ್ತದೆ. ಅದಕ್ಕಾಗಿ ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿಗೆ ಡ್ರಾಪರಿನಲ್ಲಿ ತುಸು ಸಲೈನ್ ಹಾಕಿ, ಯೋನಿಸ್ರಾವದ ಹನಿಯನ್ನು ಹಿಂದಕ್ಕೆ ಎಳೆದು, ಸ್ಲೈಡಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ. ದ್ರಾಕ್ಷಿ ಗೊಂಚಲಿನಂತೆ ಒತ್ತಾಗಿ ಕೂತ, ನಡುವೆ ಕೋಶಕೇಂದ್ರ ಕಾಣುವ ದುಂಡು ಕೋಶಗಳಿದ್ದರೆ ಪ್ರೊಈಸ್ಟ್ರಸ್; ಕೋಶಕೇಂದ್ರವಿಲ್ಲದ, ಅಂಚು ಮಡಚಿದ ಚಪ್ಪಟೆ ಕೋಶಗಳಿದ್ದರೆ ಈಸ್ಟ್ರಸ್; ಸಣ್ಣ ಬಿಳಿರಕ್ತಕಣಗಳೇ ತುಂಬಿದ್ದರೆ ಡೈಈಸ್ಟ್ರಸ್. ಲಾಂಗ್ ಮತ್ತು ಇವಾನ್ಸ್ 1922ರಲ್ಲಿ ಇಲಿಯ ಚಕ್ರವನ್ನು ವಿವರಿಸಿದ ಮೇಲೆ ಈ ವಿಧಾನ ಹೆಚ್ಚೇನೂ ಬದಲಾಗಿಲ್ಲ. ಒಂದು ದಿನದ ಸ್ಲೈಡನ್ನು ನಂಬಿ ಹಂತ ಬರೆಯಬಾರದು. ಎರಡು ಪೂರ್ಣ ಚಕ್ರಗಳು ಕ್ರಮವಾಗಿ ಸಾಗಿದ ಮೇಲೆಯೇ ಆ ಇಲಿಯನ್ನು ಪ್ರಯೋಗಕ್ಕೆ ಸೇರಿಸಿಕೊಳ್ಳುವುದು ನನ್ನ ಪದ್ಧತಿ. ಗಂಡಿಲಿಗಳನ್ನೂ ದಿನವೂ ಅಷ್ಟೇ ಹೊತ್ತು ಕೈಯಲ್ಲಿ ಹಿಡಿಯುತ್ತೇನೆ. ಇಲ್ಲದಿದ್ದರೆ ಕೊನೆಗೆ ಕಂಡ ವ್ಯತ್ಯಾಸ ಲಿಂಗದ್ದೋ, ದಿನಾ ಹಿಡಿಸಿಕೊಂಡ ಒತ್ತಡದ್ದೋ ಹೇಳಲಾಗುವುದಿಲ್ಲ.

ನಮ್ಮ ಭಾಗದಲ್ಲಿ ಇನ್ನೊಂದು ಎಚ್ಚರ ಬೇಕು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಕರೆಂಟ್ ಹೋಯಿತೆಂದರೆ ಎಲ್ಲರೂ ಮೊದಲು ಎಸಿ ಕಡೆ ನೋಡುತ್ತಾರೆ, ದೀಪದ ಟೈಮರನ್ನು ಯಾರೂ ನೋಡುವುದಿಲ್ಲ. ಹನ್ನೆರಡು ತಾಸು ಬೆಳಕು, ಹನ್ನೆರಡು ತಾಸು ಕತ್ತಲೆಯ ಲಯ ತಪ್ಪಿದರೆ ಹೆಣ್ಣಿಲಿಯ ಚಕ್ರವೂ ತಪ್ಪುತ್ತದೆ. ಎಡೆಬಿಡದೆ ಬೆಳಕಿನಲ್ಲಿಟ್ಟರೆ ಅದು ಈಸ್ಟ್ರಸ್ ಹಂತದಲ್ಲಿಯೇ ನಿಂತುಬಿಡುತ್ತದೆ. ಆದ್ದರಿಂದ ಟೈಮರಿಗೆ ಪ್ರತ್ಯೇಕ ಬ್ಯಾಟರಿ ಇರಲೇಬೇಕು.

ಪ್ರಾಣಿ ನೀತಿ ಸಮಿತಿಯ ಅನುಮತಿಯ ಚೌಕಟ್ಟಿನಲ್ಲಿ ಮಿದುಳು ತೆಗೆಯುವ ದಿನ ಗಂಡು, ಹೆಣ್ಣು ಸರದಿಯಂತೆ ಬರುವ ಹಾಗೆ ಪಟ್ಟಿ ಮಾಡುತ್ತೇನೆ. ಗಂಡಿಲಿಗಳನ್ನೆಲ್ಲ ಸೋಮವಾರ, ಹೆಣ್ಣಿಲಿಗಳನ್ನೆಲ್ಲ ಮಂಗಳವಾರ ಎಂದು ಮುಗಿಸಿದರೆ ಲಿಂಗದ ಜೊತೆ ವಾರವನ್ನೂ ಅಳೆದಂತಾಗುತ್ತದೆ. ಹಿಪೊಕ್ಯಾಂಪಸ್ಸನ್ನು 0.32 ಮೋಲಾರ್ ತಣ್ಣನೆಯ ಸುಕ್ರೋಸ್ ದ್ರಾವಣದಲ್ಲಿ, ಗಾಜಿನ ಕೊಳವೆ ಮತ್ತು ಟೆಫ್ಲಾನ್ ದಂಡದ ಹೋಮೋಜನೈಸರಿನಲ್ಲಿ, ನೊರೆ ಏಳದಂತೆ ನಿಧಾನವಾಗಿ ಅರೆಯಬೇಕು. ಮೊದಲು 1,000 ಜಿ (ಗುರುತ್ವದ 1,000 ಪಟ್ಟು) ಬಲದಲ್ಲಿ ಸುತ್ತಿಸಿ ಕೋಶಕೇಂದ್ರಗಳನ್ನು ತಳಕ್ಕಿಳಿಸಿ, ಮೇಲಿನ ದ್ರವವನ್ನು 12,000 ಜಿ ಆಸುಪಾಸಿನಲ್ಲಿ ಮತ್ತೆ ಸುತ್ತಿಸಿ, ತಳದಲ್ಲಿ ಕೂತದ್ದನ್ನು ಸುಕ್ರೋಸಿನ ಪದರಗಳ ಮೇಲೆ ಹಾಕಿ ಅಲ್ಟ್ರಾಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದಾಗ, 0.8 ಮತ್ತು 1.2 ಮೋಲಾರ್ ಪದರಗಳ ನಡುವೆ ಹಾಲುಬಣ್ಣದ ತೆಳು ಉಂಗುರ ನಿಲ್ಲುತ್ತದೆ. ಕಿತ್ತುಬಂದ ಸಿನಾಪ್ಸಿನ ತುದಿಗಳಾದ ಸಿನಾಪ್ಟೊಸೋಮುಗಳು ಇರುವುದು ಅಲ್ಲಿಯೇ. ಮೇಲಿನ ಮೈಲಿನ್ ಪದರವನ್ನು ಕಲಕದೆ ಆ ಉಂಗುರವನ್ನಷ್ಟೇ ಪಿಪೆಟ್ಟಿನಿಂದ ಹೀರುವುದು ಕೈಪಳಗಿದ ಮೇಲೆಯೇ ಬರುವ ಕೆಲಸ.

ಪ್ರೋಟೀನುಗಳನ್ನು ಜೆಲ್ಲಿನ ಸಾಲುಗಳಲ್ಲಿ (ಲೇನ್) ಗಾತ್ರದಂತೆ ಬೇರ್ಪಡಿಸಿ, ಬೇಕಾದದ್ದನ್ನು ಅದಕ್ಕೆ ಅಂಟುವ ಆಂಟಿಬಾಡಿಯಿಂದ ಪಟ್ಟಿಯಾಗಿ ಕಾಣಿಸುವ ವೆಸ್ಟರ್ನ್ ಬ್ಲಾಟ್ ಈ ಕ್ಷೇತ್ರದವರಿಗೆಲ್ಲ ಗೊತ್ತಿರುವ ವಿಧಾನವಾದ್ದರಿಂದ ಎರಡು ಮಾತು ಸಾಕು. ಒಂದೇ ಜೆಲ್ಲಿನಲ್ಲಿ ಗಂಡು ಮತ್ತು ಪ್ರತಿ ಹಂತದ ಹೆಣ್ಣು ಇರಬೇಕು, ಜೊತೆಗೆ ಎಲ್ಲ ಜೆಲ್ಲುಗಳಿಗೂ ಸಮಾನವಾದ ಒಂದು ಮಿಶ್ರ ಮಾದರಿ ಇರಬೇಕು. ಹೋಲಿಕೆಯ ಆಧಾರವಾಗಿ ಬಹುತೇಕರು ಕೋಶದ ಚೌಕಟ್ಟಿನ ಪ್ರೋಟೀನಾದ ಆಕ್ಟಿನ್ ಪಟ್ಟಿಯನ್ನು ಬಳಸುತ್ತಾರೆ, ನಾನು ಬಳಸುವುದಿಲ್ಲ. ಕವಲಿನ ಮುಳ್ಳುಗಳೊಳಗೆ ಆಕ್ಟಿನ್ ತುಂಬಿಕೊಂಡಿರುತ್ತದೆ. ಮುಳ್ಳುಗಳ ಸಂಖ್ಯೆಯೇ ಚಕ್ರದೊಂದಿಗೆ ಏರಿಳಿಯುವಾಗ ಅದನ್ನು ಸ್ಥಿರವೆಂದು ನಂಬುವುದು ಹೇಗೆ? ಎಲ್ಲ ಪ್ರೋಟೀನುಗಳಿಗೂ ಹತ್ತುವ ಪೊನ್ಸೋ ಬಣ್ಣ ಹಾಕಿ ಆ ಲೇನಿನ ಒಟ್ಟು ಪ್ರೋಟೀನಿಗೆ ಹೋಲಿಸುವುದೇ ಮೇಲು.

ಇಷ್ಟೆಲ್ಲ ಮಾಡಿದ ಮೇಲೂ ಗಂಡು ಮತ್ತು ಡೈಈಸ್ಟ್ರಸ್ ಹೆಣ್ಣಿನ ಪಿಎಸ್‌ಡಿ-95 ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರೆ ನಮ್ಮಲ್ಲಿ ಅವು ಹೆಚ್ಚುಕಡಿಮೆ ಒಂದೇ ತೆರನಾಗಿ ಕಾಣುತ್ತವೆ. ಇದನ್ನು ಕಂಡು ವ್ಯತ್ಯಾಸವೇ ಇಲ್ಲವೆಂದು ಬರೆದು ಮುಗಿಸುವುದು ಸುಲಭ, ಆದರೆ ಅವಸರದ ತೀರ್ಮಾನ. ಓಬರ್‌ಲ್ಯಾಂಡರ್ ಮತ್ತು ವೂಲಿ 2016ರಲ್ಲಿ ಪ್ರಕಟಿಸಿದ ಕೆಲಸವನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಮೊದಲೇ ಓದಿಸುತ್ತೇನೆ. ಎಸ್ಟ್ರೋಜನ್ ಹಾರ್ಮೋನುಗಳಲ್ಲೊಂದಾದ ಎಸ್ಟ್ರಡಿಯಾಲ್ ಇಲಿಯ ಹಿಪೊಕ್ಯಾಂಪಸ್ಸಿನ ಉದ್ದೀಪಕ ಸಿನಾಪ್ಸುಗಳನ್ನು ಗಂಡಿನಲ್ಲಿಯೂ ಹೆಣ್ಣಿನಲ್ಲಿಯೂ ಒಂದೇ ಪ್ರಮಾಣದಲ್ಲಿ ಬಲಪಡಿಸುತ್ತದೆ, ಆದರೆ ಅದು ಬಳಸುವ ಎಸ್ಟ್ರೋಜನ್ ಗ್ರಾಹಕಗಳ (ಆಲ್ಫಾ, ಬೀಟಾ, ಜಿಪಿಇಆರ್1) ಜೋಡಣೆ ಬೇರೆ. ಸಂದೇಶ ಕಳುಹಿಸುವ ಬದಿಯಲ್ಲಿ ಹೆಣ್ಣಿಗೆ ಬೀಟಾ ಗ್ರಾಹಕ, ಗಂಡಿಗೆ ಆಲ್ಫಾ. ಸ್ವೀಕರಿಸುವ ಬದಿಯಲ್ಲಿ ಹೆಣ್ಣಿಗೆ ಜಿಪಿಇಆರ್1, ಗಂಡಿಗೆ ಬೀಟಾ. ಫಲ ಒಂದೇ ಇದ್ದು ದಾರಿ ಬೇರೆಯಾದ ಇಂಥ ವ್ಯತ್ಯಾಸ ಪ್ರೋಟೀನಿನ ಮೊತ್ತ ಅಳೆದರೆ ಸಿಗುವುದಿಲ್ಲ. ಔಷಧದ ದೃಷ್ಟಿಯಿಂದ ಇದೇ ಹೆಚ್ಚು ಮುಖ್ಯ, ಏಕೆಂದರೆ ಒಂದು ಗ್ರಾಹಕವನ್ನು ತಡೆಯುವ ಮದ್ದು ಒಂದು ಲಿಂಗದಲ್ಲಿ ಕೆಲಸ ಮಾಡಿ ಇನ್ನೊಂದರಲ್ಲಿ ಮಾಡದೆ ಇರಬಹುದು.

ಲೆಕ್ಕದ ವಿಷಯದಲ್ಲಿಯೂ ನಾನು ಬಿಗಿ ಹಿಡಿಯುವ ಮಾತೊಂದಿದೆ. ಚಿಕಿತ್ಸೆಯ ಪರಿಣಾಮ ಗಂಡಿನಲ್ಲಿ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಗಣನೀಯವಾಗಿ ಕಂಡಿತು, ಹೆಣ್ಣಿನಲ್ಲಿ ಕಾಣಲಿಲ್ಲ ಎಂಬಷ್ಟರಿಂದ ಲಿಂಗಭೇದ ಸಿದ್ಧವಾಗುವುದಿಲ್ಲ. ಎರಡೂ ಲಿಂಗಗಳನ್ನು ಒಂದೇ ವಿಶ್ಲೇಷಣೆಯಲ್ಲಿಟ್ಟು, ಲಿಂಗ ಮತ್ತು ಚಿಕಿತ್ಸೆಯ ಪರಸ್ಪರ ಪ್ರಭಾವವನ್ನೇ ನೇರವಾಗಿ ಪರೀಕ್ಷಿಸಬೇಕು. ಎಣಿಕೆಗೆ ಬರುವುದು ಇಲಿಗಳು, ಅವುಗಳಿಂದ ಓಡಿಸಿದ ಲೇನುಗಳಲ್ಲ. ಒಂದೇ ಸೂಲಿನ ಮರಿಗಳು ಪರಸ್ಪರ ಹೋಲುವುದರಿಂದ ಪ್ರತಿ ಗುಂಪಿಗೂ ಬೇರೆ ಬೇರೆ ಸೂಲಿನ ಮರಿಗಳನ್ನು ಹಂಚಬೇಕು. ಸದ್ಯ ನಾವು ಸಿನಾಪ್ಟೊಸೋಮಿನ ಅದೇ ಮಾದರಿಗಳಲ್ಲಿ ಈ ಮೂರು ಎಸ್ಟ್ರೋಜನ್ ಗ್ರಾಹಕಗಳ ಪಟ್ಟಿಗಳನ್ನು ನೋಡಲು ಆರಂಭಿಸಿದ್ದೇವೆ. ಈ ಗ್ರಾಹಕಗಳಿಗೆ, ವಿಶೇಷವಾಗಿ ಬೀಟಾಕ್ಕೆ, ಮಾರುಕಟ್ಟೆಯಲ್ಲಿ ಸಿಗುವ ಆಂಟಿಬಾಡಿಗಳೆಲ್ಲ ನಂಬಿಕೆಗೆ ಅರ್ಹವಲ್ಲವಾದ್ದರಿಂದ, ಆ ಪ್ರೋಟೀನೇ ಇಲ್ಲದ ಮಾದರಿಯೊಂದನ್ನು ಪಕ್ಕದಲ್ಲಿ ಓಡಿಸದೆ ಯಾವ ಪಟ್ಟಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ.