ಮೂರನೇ ಬೇಸಿಗೆಗೆ ನೆಲೆನಿಂತ ನಮ್ಮ ಅರವಟ್ಟಿಗೆ

ಈ ಸಲ ನೆಲೆನಿಂತಿತು. 2025ರ ಬೇಸಿಗೆ ರಜೆಯಲ್ಲಿ ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡೋ ನಮ್ಮ ಮನೆ ಮುಂದಿನ ಅರವಟ್ಟಿಗೆ 38 ದಿನ ನಡೆಯಿತು. ಏಪ್ರಿಲ್ 12, ದವನದ ಹುಣ್ಣಿಮೆ ಶನಿವಾರ ಶುರು ಮಾಡಿದ್ದು, ಮೇ 19ರವರೆಗೆ ಒಂದು ದಿನವೂ ತಪ್ಪಲಿಲ್ಲ. ನಡೆಸಿದ್ದು ಐದು ಮಕ್ಕಳು. ನನ್ನವು ಎರಡು, ಬೆಂಗಳೂರಿಂದ ಬಂದ ಮೈದುನನ ಮಕ್ಕಳು ಎರಡು, ದಾವಣಗೆರೆಯಿಂದ ನಾದಿನಿ ಮಗಳು ಒಬ್ಬಳು. ದೊಡ್ಡವನಿಗೆ 15, ಚಿಕ್ಕದಕ್ಕೆ 6.

"ಅತ್ತಿಗೆ, ಮೂರು ದಿನ ಮಾಡ್ತಾರೆ, ನಾಲ್ಕನೇ ದಿನ ಮೊಬೈಲ್ ಹಿಡ್ಕೊಂಡು ಕೂತ್ಕೋತಾರೆ" ಅಂತ ಮೈದುನ ಅಂದಿದ್ದ. ಅವನ ಮಾತಿಗೆ ಕಾರಣ ಇತ್ತು, ಅದಕ್ಕೆ ಹಿಂದಿನ ಎರಡು ಬೇಸಿಗೆ ನಾನು ಎಡವಿದ್ದನ್ನೇ ಮೊದಲು ಬರೆಯುತ್ತೇನೆ.

ನಮ್ಮದು ಶಿರಾ ತಾಲ್ಲೂಕು. ಮನೆ ಎದುರಿಗೇ ಹುಣಸೆಮರ, ಮರದ ಕೆಳಗೆ ಬಸ್ಸು ನಿಲ್ಲುತ್ತೆ. ಮಾವ ಇದ್ದಷ್ಟು ವರ್ಷ ರಾಮನವಮಿಯಿಂದ ಮಳೆ ಬೀಳೋವರೆಗೂ ಆ ಮರದ ಬುಡದಲ್ಲಿ ಎರಡು ಹರವಿ ನೀರು ಇಡುತ್ತಿದ್ದರು. ಮನೆದೇವರು ಸೀಬಿ ನರಸಿಂಹಸ್ವಾಮಿ. ಬಾಯಾರಿದವರಿಗೆ ನೀರು ಕೊಡೋದು ಸ್ವಾಮಿಗೆ ಮಾಡೋ ಸೇವೆಯೇ ಅಂತ ಅವರ ನಂಬಿಕೆ. 2019ರಲ್ಲಿ ಅವರು ಹೋದಮೇಲೆ ಹರವಿ ಅಟ್ಟ ಸೇರಿತು. ಅತ್ತೆ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ, ಆದರೆ ಪ್ರತಿ ರಾಮನವಮಿ ದಿನ ಆ ಮರದ ಕಡೆ ನೋಡೋರು. ನನಗೆ ಅದು ಮನಸ್ಸಿನಲ್ಲೇ ಉಳಿದಿತ್ತು.

2023ರಲ್ಲಿ ಶುರು ಮಾಡಿದೆ, ಭಾರೀ ಉತ್ಸಾಹದಲ್ಲಿ. ಅದೇ ತಪ್ಪಾಯ್ತು. ಶಾಮಿಯಾನ ಬಾಡಿಗೆಗೆ ತಂದೆ, ದಿನಕ್ಕೆ 300. ಪೇಪರ್ ಲೋಟ ದಿನಕ್ಕೆ ಇನ್ನೂರೈವತ್ತು, ಮುನ್ನೂರು. ಬೆಳಗ್ಗೆ 9ರಿಂದ ಸಂಜೆ 5ರವರೆಗೆ ನೀರು, ಮಜ್ಜಿಗೆ, ಪಾನಕ ಮೂರೂ. ಬೆಳಗ್ಗೆ ಕಲಸಿದ ಪಾನಕ ಮಧ್ಯಾಹ್ನ ಎರಡಕ್ಕೆ ನೊರೆ ಬಿಡೋದು, ಚೆಲ್ಲೋದು. ಐದನೇ ದಿನ ಮಾವನ ಕಾಲದ ಹಿತ್ತಾಳೆ ಕೊಳಗ ಇಳಿಸಿ ಮಜ್ಜಿಗೆ ಅದರಲ್ಲೇ ಮಾಡಿದೆ. ಕಲಾಯಿ ಹೋಗಿದ್ದನ್ನ ನೋಡಲೇ ಇಲ್ಲ. ಒಂದು ಗಂಟೆ ಬಿಟ್ಟು ಮುಚ್ಚಳ ತೆಗೆದರೆ ಅಂಚಿನ ಸುತ್ತ ಹಸಿರು ಕಿಲುಬು. ಸದ್ಯ ಯಾರಿಗೂ ಕೊಟ್ಟಿರಲಿಲ್ಲ. ಹದಿನೈದು ಲೀಟರ್ ಹತ್ತಿರ ಮೋರಿಗೆ ಸುರಿದೆ, ಸುರಿಯುವಾಗ ಅಳು ಬಂತು. ಇದರ ಮೇಲೆ ಅದು ವಿಧಾನಸಭೆ ಚುನಾವಣೆ ಸಮಯ, ಮೇ 10ಕ್ಕೆ ಮತದಾನ. ಶಾಮಿಯಾನ ಕಂಡ ತಕ್ಷಣ ಚುನಾವಣೆ ಡ್ಯೂಟಿಯವರು ಗಾಡಿ ನಿಲ್ಲಿಸಿ "ಇದು ಯಾವ ಪಕ್ಷದ್ದಮ್ಮಾ?" ಅಂತ ಕೇಳಿದರು. ದೇವರ ಸೇವೆ ಅಂದೆ. ನಂಬಿದರು, ಆದರೆ ಊರವರಿಗೆ ಅನುಮಾನ ಹತ್ತಿತು. ಹನ್ನೆರಡನೇ ದಿನಕ್ಕೆ ನಿಲ್ಲಿಸಿದೆ. ಖರ್ಚು 15 ಸಾವಿರದ ಹತ್ತಿರ. ಮರದ ಬುಡದಲ್ಲಿ ಪೇಪರ್ ಲೋಟದ ರಾಶಿ ಆಯ್ದಿದ್ದು ನಾನು, ನನ್ನ ಗಂಡ ಇಬ್ಬರೇ. ಮಕ್ಕಳು ಒಳಗೆ ಟಿವಿ ನೋಡುತ್ತಿದ್ದರು.

2024 ಇನ್ನೂ ಕಷ್ಟ. ಬರಗಾಲ. ರಾಜ್ಯದಲ್ಲಿ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆಗಿದ್ದ ವರ್ಷ. ನಮ್ಮ ಬೋರ್ ಏಪ್ರಿಲ್ ಎರಡನೇ ವಾರಕ್ಕೆ ಗಾಳಿ ಉಗುಳಿತು. ಟ್ಯಾಂಕರಿಗೆ 700–800 ಕೊಟ್ಟು ಮನೆಗೆ ನೀರು ಹಾಕಿಸುವಾಗ ಹೊರಗೆ ಕೊಡೋದು ಹೇಗೆ ಅಂತ ಮನೆಯಲ್ಲಿ ಮಾತು ಬಂತು. ನಿಂಬೆಹಣ್ಣು ಒಂದಕ್ಕೆ 8 ರೂಪಾಯಿ. ಆದರೂ ರಾಮನವಮಿ ಏಪ್ರಿಲ್ 17ಕ್ಕೆ ಬಂತಲ್ಲ, ಅವತ್ತು ಶುರು ಮಾಡಿದೆ. ಪೇಪರ್ ಲೋಟ ಬಿಟ್ಟು ಸ್ಟೀಲ್ ಲೋಟ 24 ತಂದೆ. ವಾರದಲ್ಲಿ 9 ಉಳಿದವು. ನಲ್ಲಿ ಇಟ್ಟು ಬಣ್ಣ ಬಳಿದಿದ್ದ ಚೆಂದದ ಮಡಕೆ ಒಂದು ತಂದೆ, 650 ಕೊಟ್ಟು. ಹೊರಗೆಲ್ಲ ಪೇಂಟ್, ಮಣ್ಣು ಬೆವರೋದೇ ಇಲ್ಲ, ನೀರು ತಣ್ಣಗಾಗೋದು ಎಲ್ಲಿಂದ? ಮಕ್ಕಳು ಪಾಳಿಗೆ ಜಗಳ. "ನಾನೇ ಯಾಕೆ ತೊಳೀಬೇಕು?" ಅಂತ ಒಬ್ಬರು, "ಅವಳು ನಿನ್ನೆ ಬರಲೇ ಇಲ್ಲ" ಅಂತ ಇನ್ನೊಬ್ಬರು. ಒಂಬತ್ತು ದಿನಕ್ಕೆ ಮುಗೀತು. ಆಗ ಅತ್ತೆಯೇ ಹೇಳಿದರು, "ಬಿಡವ್ವಾ, ಅವರ ಜೊತೇಲೇ ಹೋಯ್ತು ಅದು." ಆ ಮಾತು ನನಗೆ ತುಂಬಾ ನೋವು ಮಾಡಿತು.

ಈ ಸಲ ನಾನು ಮಾಡಿದ್ದು ಇಷ್ಟೇ, ಎಲ್ಲವನ್ನೂ ಚಿಕ್ಕದು ಮಾಡಿದೆ.

ಹೊತ್ತು ಮೂರೇ ಗಂಟೆ, ಬೆಳಗ್ಗೆ 11ರಿಂದ ಮಧ್ಯಾಹ್ನ 2. ನಮ್ಮ ಸ್ಟಾಪಿನಲ್ಲಿ ಆ ಹೊತ್ತಿಗೆ ನಾಲ್ಕು ಬಸ್ಸು ಬರುತ್ತವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಬಸ್ಸು ಕಾಯೋ ಹೆಂಗಸರು ಬಹಳ ಜಾಸ್ತಿ, ಕಂಕುಳಲ್ಲಿ ಮಗು, ಕೈಲಿ ಬ್ಯಾಗು. ಸಂಜೆ ಐದರವರೆಗೆ ಕಾಯೋ ಅಗತ್ಯವೇ ಇಲ್ಲ. ಮೂರೂವರೆ ಮೇಲೆ ಬರೋರು ಬೆರಳೆಣಿಕೆ, ಅವರಿಗೆ ಜಗುಲಿ ಮೇಲೆ ಒಂದು ಬಿಂದಿಗೆ ನೀರು ಇಟ್ಟರೆ ಸಾಕು. ಇನ್ನೊಂದು ಲಾಭ, ಭಾನುವಾರ ಐಪಿಎಲ್ ಮಧ್ಯಾಹ್ನದ ಮ್ಯಾಚು ಮೂರೂವರೆಗೆ ಶುರು. ಅಷ್ಟರಲ್ಲಿ ಮಕ್ಕಳ ಕೆಲಸ ಮುಗಿದಿರುತ್ತೆ, ಯಾರ ಮುಖವೂ ಊದಿಕೊಳ್ಳೋದಿಲ್ಲ.

ದಿನವೂ ನೀರು ಮತ್ತು ಮಜ್ಜಿಗೆ ಮಾತ್ರ. ಪಾನಕ ಶನಿವಾರ ಮತ್ತು ಹಬ್ಬದ ದಿನ. ನರಸಿಂಹಸ್ವಾಮಿಗೆ ಪಾನಕ ಪ್ರಿಯ, ಶನಿವಾರ ಅವನ ವಾರ. ಹಾಗಾಗಿ ಅತ್ತೆಯೂ ಒಪ್ಪಿದರು. ಬೆಲ್ಲವನ್ನ ಹಿಂದಿನ ರಾತ್ರಿಯೇ ಕರಗಿಸಿ, ಕುದಿಸಿ, ಸೋಸಿ ಗಟ್ಟಿಯಾಗಿ ಇಟ್ಟುಕೊಳ್ಳುತ್ತೇನೆ. ಗಂಟೆಗೊಮ್ಮೆ ಬೇಕಾದಷ್ಟಕ್ಕೇ ನೀರು ಬೆರೆಸಿ, ನಿಂಬೆ ಹಿಂಡಿ ಕೊಡೋದು. ಒಂದು ದಿನವೂ ನೊರೆ ಬರಲಿಲ್ಲ.

ಮಜ್ಜಿಗೆಗೆ ದಿನಕ್ಕೆ ಎರಡು ಲೀಟರ್ ಹಾಲು ಹೆಪ್ಪು ಹಾಕಿದೆ. ಏಪ್ರಿಲ್ 1ರಿಂದ ಹಾಲು ಮೊಸರು ಲೀಟರಿಗೆ 4 ರೂಪಾಯಿ ಏರಿತ್ತು, ಹಾಗಾಗಿ ಅಂಗಡಿ ಮೊಸರಿನ ಯೋಚನೆ ಬಿಟ್ಟು ಪಕ್ಕದ ಮನೆಯ ಹಾಲಿಗೆ ಹೇಳಿಟ್ಟೆ. ಎರಡು ಸಲ ಕಡೆಯಬೇಕು, ಹನ್ನೊಂದಕ್ಕೆ ಅರ್ಧ, ಹನ್ನೆರಡೂವರೆಗೆ ಅರ್ಧ. ಎಲ್ಲಾ ಒಟ್ಟಿಗೆ ಕಡೆದಿಟ್ಟರೆ ಒಂದು ಗಂಟೆ ಬಿಸಿಲಿಗೆ ಹುಳಿ ಏರುತ್ತೆ. ಶುಂಠಿ, ಕರಿಬೇವು, ಹಸಿಮೆಣಸು ಎಲ್ಲರಿಗೂ ಗೊತ್ತು. ಕೊನೆಗೆ ನಾನು ಹಾಕೋದು ಇನ್ನೊಂದಿದೆ, ಅದು ಅತ್ತೆಗೆ ಅವರ ಅತ್ತೆ ಹೇಳಿಕೊಟ್ಟಿದ್ದು, ಇಲ್ಲಿ ಬರೆಯೋದಿಲ್ಲ. ಹಸಿಯಾಗಿ ಹಾಕಲ್ಲ, ಹುರಿದು ಪುಡಿ ಮಾಡಿ ಹಾಕುತ್ತೇನೆ, ಇಷ್ಟು ಹೇಳಬಹುದು. ಒಬ್ಬ ಕಂಡಕ್ಟರ್ ಎರಡನೇ ವಾರದಿಂದ ಬಸ್ಸು ಅರ್ಧ ನಿಮಿಷ ಹೆಚ್ಚು ನಿಲ್ಲಿಸಿ ಇಳಿದು ಬಂದು ಕುಡಿದು ಹೋಗುತ್ತಿದ್ದ.

ನೀರು ಊರ ಶುದ್ಧ ನೀರಿನ ಘಟಕದ್ದೇ, 20 ಲೀಟರಿಗೆ 5 ರೂಪಾಯಿ, ದಿನಕ್ಕೆ ಮೂರು ಕ್ಯಾನು. ದೊಡ್ಡವನು ಸೈಕಲ್ಲಿನಲ್ಲಿ ತರುತ್ತಿದ್ದ. ಮಡಕೆ ಬಣ್ಣ ಬಳಿಯದ್ದು ಮೂರು. ಎರಡು ಕೆಲಸಕ್ಕೆ, ಒಂದು ಬಿಸಿಲಿಗೆ, ಪಾಳಿ ಮೇಲೆ. ಕೆಳಗೆ ಒದ್ದೆ ಮರಳು, ಸುತ್ತ ಗೋಣಿಚೀಲ. ಮೂರು ವಾರಕ್ಕೆ ಮಡಕೆ ಬೆವರೋದು ಕಮ್ಮಿಯಾಗುತ್ತೆ, ಆಗ ತೆಂಗಿನ ನಾರಲ್ಲಿ ಹೊರಗಡೆ ಚೆನ್ನಾಗಿ ಉಜ್ಜಿ. ಸೋಪು ಮುಟ್ಟಿಸಬೇಡಿ.

ಲೋಟದ ಸಮಸ್ಯೆಗೆ ಉತ್ತರ ಅತ್ತೆಯ ಪೆಟ್ಟಿಗೆಯಲ್ಲೇ ಇತ್ತು. ಕೊಕ್ಕೆಮೂತಿಯ ತಾಮ್ರದ ಗಿಂಡಿ. ನೀರನ್ನ ಗಿಂಡಿಯಿಂದ ಬೊಗಸೆಗೆ ಬಿಡೋದು, ಕುಡಿಯೋರು ಬಗ್ಗಿ ಕುಡಿಯೋದು, ಮಾವನ ಕಾಲದಲ್ಲಿ ಹಾಗೇ ಇತ್ತಂತೆ. ಕುಡಿದವರು ಉಳಿದ ನೀರಲ್ಲಿ ಮುಖ ತೊಳೆದುಕೊಂಡು, ಕಣ್ಣುಮುಚ್ಚಿ ಒಂದು ಕ್ಷಣ ಹಾಗೇ ನಿಲ್ಲುತ್ತಾರೆ. ಅದನ್ನ ನೋಡಬೇಕು. ಲೋಟದಲ್ಲಿ ಕುಡಿದರೆ ಆ ಸುಖ ಇಲ್ಲ. ಮಜ್ಜಿಗೆಗೆ ಮಾತ್ರ ಹತ್ತು ಲೋಟ, ಕುಡಿದು ಅಲ್ಲೇ ಬಿಸಿನೀರಿನ ಬಕೆಟ್ಟಿಗೆ ಹಾಕಬೇಕು. ಕೊಳಗದಲ್ಲಿ ಮಾಡಿದ ತಪ್ಪು ಮತ್ತೆ ಮಾಡಲಿಲ್ಲ, ಗಿಂಡಿಗೆ ಮಜ್ಜಿಗೆ ಹಾಕಲಿಲ್ಲ.

ಇನ್ನು ಮಕ್ಕಳು. ಇದೇ ಮುಖ್ಯ. ಹಿಂದಿನ ಎರಡು ವರ್ಷ ನಾನು ಅವರಿಗೆ ಕೆಲಸ ಹೇಳಿದೆ, ಸೇವೆ ಕೊಡಲಿಲ್ಲ. ಈ ಸಲ ಮೊದಲ ದಿನವೇ ದೇವರಮನೆಯಲ್ಲಿ ಕೂರಿಸಿ, ಒಬ್ಬೊಬ್ಬರ ಕೈಗೂ ಅವರದೇ ಅಂತ ಒಂದೊಂದು ಕೊಟ್ಟೆ. ದೊಡ್ಡವನಿಗೆ ಕ್ಯಾನು, ನನ್ನ ಮಗಳಿಗೆ ಕಡೆಗೋಲು, ನಾದಿನಿ ಮಗಳಿಗೆ ಗಿಂಡಿ, ಮೈದುನನ ಮಗನಿಗೆ ಲೋಟ. ಪಾಳಿ ಇಲ್ಲ, ಬದಲಾವಣೆ ಇಲ್ಲ. 38 ದಿನ ಅದು ಅವರದ್ದೇ. ಪಾಳಿ ತೆಗೆದುಹಾಕಿದ್ದಕ್ಕೆ ಜಗಳವೇ ಹೋಯ್ತು. ಪಾಳಿ ಬೇಕೇ ಬೇಕು ಅನ್ನೋರು ಒಂದು ಸಲ ಹೀಗೆ ಮಾಡಿ ನೋಡಿ.

ಚಿಕ್ಕದಕ್ಕೆ ಏನು ಕೊಡೋದು ಅಂತ ಯೋಚಿಸುತ್ತಿದ್ದಾಗ ಅತ್ತೆ ಒಳಗಿಂದ ಒಂದು ಸೇರು ಹುಣಸೆಬೀಜ ತಂದು ಮಡಿಲಿಗೆ ಸುರಿದರು. ಒಬ್ಬರು ಕುಡಿದರೆ ಒಂದು ಬೀಜ ಹಿತ್ತಾಳೆ ಬಟ್ಟಲಿಗೆ. ಸಂಜೆ ಆರೂವರೆಗೆ ದೀಪ ಹಚ್ಚಿದ ಮೇಲೆ ಐದೂ ಮಕ್ಕಳು ಬಟ್ಟಲು ಸುರುವಿಕೊಂಡು ಎಣಿಸಿ, ಸ್ವಾಮಿ ಪಟದ ಮುಂದೆ ಜೋರಾಗಿ ಲೆಕ್ಕ ಒಪ್ಪಿಸಬೇಕು, "ಸ್ವಾಮಿ, ಇವತ್ತು ನೂರಾ ಹದಿನಾಲ್ಕು." ಆಮೇಲೆ ಎರಡು ದಾಸರ ಪದ, ಮಂಗಳಾರತಿ, ಅಲ್ಲಿಗೆ ಮುಗೀತು. ಕಾಲು ಗಂಟೆ. ಎರಡು ವರ್ಷ ಭಜನೆಗೆ ಕರೆದರೆ ಕಾಲೆಳೆಯುತ್ತಿದ್ದ ಮಕ್ಕಳು ಲೆಕ್ಕ ಒಪ್ಪಿಸಲಿಕ್ಕೆ ತಾವೇ ಕೈಕಾಲು ತೊಳೆದುಕೊಂಡು ಬರುತ್ತಿದ್ದರು. ಮೊಬೈಲ್ ನಾನು ಕಿತ್ತುಕೊಳ್ಳಲೇ ಇಲ್ಲ.

ಒಂದು ಸಂಜೆ ಚಿಕ್ಕದು ಒಂದು ಬೀಜ ಜಾಸ್ತಿ ಹಾಕಿದ್ದಕ್ಕೆ ಗಲಾಟೆ. "ನಾಯಿ ಕುಡೀತು ದೊಡ್ಡಮ್ಮ, ಅದಕ್ಕೂ ಹಾಕಿದೆ" ಅಂದಳು. ನಾವು ಸುಮ್ಮನಾದೆವು. ಅತ್ತೆ ಅವಳನ್ನ ತಬ್ಬಿಕೊಂಡು "ಹಾಕಬೇಕು ಕಂದಾ" ಅಂದರು. ಮಾರನೇ ದಿನದಿಂದ ಮರದ ಕೆಳಗೆ ನಾಯಿ ಹಕ್ಕಿಗೆ ಅಂತ ಒಂದು ಮಣ್ಣಿನ ತಟ್ಟೆ ಬಂತು.

ನಡುವೆ ಕೆಲವು ಪ್ರಯೋಗ ಮಾಡಿದೆ. ಲಾವಂಚದ ಬೇರಿನ ಕಟ್ಟು ಒಂದು ಮಡಕೆಗೆ ಹಾಕಿದೆ, ಪರಿಮಳ ಚೆನ್ನಾಗಿತ್ತು, ಎರಡು ದಿನಕ್ಕೊಮ್ಮೆ ಒಣಗಿಸಿದರೆ ಎಂಟು ಹತ್ತು ದಿನ ಬರುತ್ತೆ. ಕರಬೂಜದ ಪಾನಕ ಬೇಡವೇ ಬೇಡ, ಅರ್ಧ ಗಂಟೆಗೆ ವಾಸನೆ. ರಾಗಿ ಅಂಬಲಿ ಮಾಡಿದ ದಿನ ಬಸ್ಸಿನವರು ಯಾರೂ ಮುಟ್ಟಲಿಲ್ಲ, ಬೇಜಾರಾಗಿ ಕೂತಿದ್ದೆ, ಒಂದು ಗಂಟೆ ಹೊತ್ತಿಗೆ ಉದ್ಯೋಗ ಖಾತ್ರಿ ಕೆಲಸ ಮುಗಿಸಿ ಬಂದ ಹೆಂಗಸರು ಹತ್ತು ನಿಮಿಷಕ್ಕೆ ಪಾತ್ರೆ ಖಾಲಿ ಮಾಡಿದರು. ಆಮೇಲೆ ಅವರಿಗೋಸ್ಕರ ವಾರಕ್ಕೆರಡು ದಿನ ಅಂಬಲಿ. ನಿಂಬೆ ದುಬಾರಿ ಆದ ವಾರ ಹುಣಸೆಹಣ್ಣಿನ ಪಾನಕ ಮಾಡಿದೆ, ಬೆಲ್ಲ, ಹುರಿದ ಜೀರಿಗೆ, ಚಿಟಿಕೆ ಉಪ್ಪು. ಮರ ಎದುರಿಗೇ ಇರುವಾಗ ಎರಡು ವರ್ಷ ಇದು ನನಗೆ ಹೊಳೆಯಲೇ ಇಲ್ಲ. ಬಸವ ಜಯಂತಿ ಏಪ್ರಿಲ್ 30ಕ್ಕೂ, ನರಸಿಂಹ ಜಯಂತಿ ಮೇ 11ಕ್ಕೂ ಅದನ್ನೇ ಮಾಡಿದೆ. ಜಯಂತಿ ದಿನ ಬೆಳಗ್ಗೆ ಸೀಬಿಗೆ ಹೋಗಿ ಬಂದು ಹನ್ನೊಂದಕ್ಕೆ ಸರಿಯಾಗಿ ಮಡಕೆ ಮುಂದೆ ನಿಂತೆವು. ಅವತ್ತು ಬೀಜ 231, ಅದೇ ಹೆಚ್ಚು.

ದುಡ್ಡಿನ ವಿಷಯ. ನೀರು ಕುಡಿದವರು ಐದು ಹತ್ತು ಇಟ್ಟು ಹೋಗುತ್ತಾರೆ, ಬೇಡ ಅಂದರೂ. ಡಬ್ಬಿ ಇಡೋಣ ಅಂತ ಮಕ್ಕಳು, ಮುಟ್ಟಬಾರದು ಅಂತ ಅತ್ತೆ. ನಾನು ಅತ್ತೆ ಕಡೆ. ಡಬ್ಬಿ ಇಟ್ಟ ದಿನವೇ ಅದು ಅಂಗಡಿ. ತಿಳಿಯದೆ ಇಟ್ಟುಹೋದ ಚಿಲ್ಲರೆ 140 ರೂಪಾಯಿ ಸೀಬಿ ಹುಂಡಿಗೆ ಹಾಕಿದೆವು. ನಮ್ಮ ಖರ್ಚು ನೆನಪಿದ್ದಂತೆ ಹಾಲಿಗೆ 3,400, ಬೆಲ್ಲ ಏಲಕ್ಕಿ ನಿಂಬೆ ಎಲ್ಲಾ ಸೇರಿ 2,300, ಮಡಕೆ ಮೂರಕ್ಕೆ 900, ನೀರಿಗೆ 570, ರಾಗಿ ಮಸಾಲೆ ಚಿಲ್ಲರೆ ಅಂತ ಎಂಟುನೂರೋ ಏನೋ. ಎಂಟು ಸಾವಿರದಲ್ಲಿ 38 ದಿನ. 2023ರಲ್ಲಿ ಹನ್ನೆರಡು ದಿನಕ್ಕೆ ಇದರ ಎರಡರಷ್ಟು ಸುರಿದಿದ್ದೆ. ಒಟ್ಟು ಬೀಜ ನಾಲ್ಕು ಸಾವಿರ ದಾಟಿತು, ನಾಯಿದೂ ಸೇರಿ.

ಮೇ ಮೂರನೇ ವಾರ ಮಳೆ ಹಿಡಿಯಿತು. ಮೇ 19ರ ಮಧ್ಯಾಹ್ನ ಮರದ ಕೆಳಗೆ ನೀರು ಹರಿಯುತ್ತಿದ್ದರೂ ಐವರೂ ಛತ್ರಿ ಹಿಡಿದು ಎರಡು ಗಂಟೆವರೆಗೆ ನಿಂತರು. ಬಟ್ಟಲಲ್ಲಿ ಏಳು ಬೀಜ. ಅವತ್ತು ಸಂಜೆ ಲೆಕ್ಕ ಒಪ್ಪಿಸಿದ್ದು ಅತ್ತೆ. ಏಳು ಅಂತ ಹೇಳಿ, ಮಾವನ ಫೋಟೋ ಕಡೆ ತಿರುಗಿ ಇನ್ನೊಂದು ಸಲ ಏಳು ಅಂದರು.

ಮಕ್ಕಳನ್ನ ಕರೆದುಕೊಂಡು ಹೋಗಲು ಬಂದ ಮೈದುನ ಮಜ್ಜಿಗೆ ಮೂರು ಲೋಟ ಕುಡಿದ, ಬರೋ ವರ್ಷದ ಹಾಲಿನ ಖರ್ಚು ತನ್ನದು ಅಂದಿದ್ದಾನೆ. ಬೀಜ ತೊಳೆದು ಒಣಗಿಸಿ ಡಬ್ಬಿಗೆ ಹಾಕಿದ್ದೇನೆ. ಮಡಕೆ ಎರಡು ಅಟ್ಟದ ಮೇಲೆ ಬೋರಲು ಹಾಕಿದ್ದೇನೆ, ಮೂರನೆಯದರ ಬಾಯಿ ಸೀಳಿದೆ, ಅದಕ್ಕೆ ಶಿವರಾತ್ರಿ ಹೊತ್ತಿಗೇ ಕುಂಬಾರರಿಗೆ ಹೇಳಿಡಬೇಕು.